ಒಂಬತ್ತನೇ ಕಾಲಂ ಮತ್ತು ನಮ್ಮಕ್ಕ

ನಮ್ಮಕ್ಕ ಕಳ್ಳಿ. ನಾನು ಹೇಳುತ್ತಿಲ್ಲ, ಸರ್ಕಾರಿ ಕಾಗದ ಹೇಳುತ್ತದೆ. ಕದ್ದದ್ದು ಇಪ್ಪತ್ತೈದು ಕಿಲೋ ತೂಕದ ಹೊಲಿಗೆ ಯಂತ್ರ. ಸಿಕ್ಕಿಬಿದ್ದದ್ದು ಅದನ್ನು ವಾಪಸ್ ತಂದು ಕೊಡುವಾಗ. ಇಂಥ ಕಳ್ಳಿಯನ್ನು ಇನ್ನೆಲ್ಲಾದರೂ ಕಂಡಿದ್ದರೆ ಹೇಳಿ.

ಆಗ ಅವಳು ಬಟ್ಟೆ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ಮಾಡುತ್ತಿದ್ದಳು. ಕೆಟ್ಟ ಯಂತ್ರದ ಸದ್ದು ಕಿವಿಗೆ ಬಿದ್ದರೆ ಅಕ್ಕನಿಗೆ ಊಟ ಸೇರುವುದಿಲ್ಲ. ಮೂರನೇ ಸಾಲಿನ ಒಂದು ಯಂತ್ರ ಅಲ್ಲಲ್ಲಿ ಹೊಲಿಗೆ ಬಿಡುತ್ತಿತ್ತು. ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿ, ಒಂದು ಶನಿವಾರ ಅದನ್ನು ಮೇಜಿನಿಂದ ಬಿಚ್ಚಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದೇಬಿಟ್ಟಳು. ಗೇಟಿನ ಕಾವಲುಗಾರನೇ ಅದನ್ನು ಗಾಡಿಗೆ ಎತ್ತಿ ಇಟ್ಟಿದ್ದ! ಭಾನುವಾರವಿಡೀ ನಮ್ಮ ಅಡುಗೆಮನೆ ತುಂಬ ಸ್ಕ್ರೂ ಮತ್ತು ಎಣ್ಣೆ. ಸೋಮವಾರ ಗೇಟಿನಲ್ಲಿ ಬೇರೆ ಕಾವಲುಗಾರ. ಅವನು ಗಂಟು ಬಿಚ್ಚಿಸಿ ಮಾಲೀಕರನ್ನು ಕರೆದ, ಮಾಲೀಕರು ಪೊಲೀಸರನ್ನು ಕರೆದರು.

"ಒಪ್ಕೊಂಡ್ಬಿಡಮ್ಮ, ಸಣ್ಣ ದಂಡ ಕಟ್ಟಿ ಮನೆಗೆ ಹೋಗ್ಬಹುದು" ಎಂದರು ವಕೀಲರು. ಅಕ್ಕ ಒಪ್ಪಿಕೊಂಡಳು. ವಕೀಲರು ಸುಳ್ಳು ಹೇಳಿರಲಿಲ್ಲ. ಮನೆಗೆ ಬಂದವಳು ಹೆಚ್ಚುಕಡಿಮೆ ಆರು ವರ್ಷ ಮನೆಯಲ್ಲೇ ಉಳಿದಳು.

ಯಾವ ಕೆಲಸದ ಅರ್ಜಿ ತಂದರೂ ಅದರಲ್ಲೊಂದು ಕಾಲಂ: 'ನಿಮಗೆ ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ?' 'ಹೌದು' ಎಂದು ಬರೆದ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಒಮ್ಮೆ ನನ್ನ ಮಾತು ಕೇಳಿ 'ಇಲ್ಲ' ಎಂದು ಬರೆದಳು. ಕೆಲಸ ಸಿಕ್ಕಿತು, ಮೂರು ವಾರಕ್ಕೆ ಪೊಲೀಸ್ ವರದಿಯೂ ಬಂತು. ಸುಳ್ಳು ಬರೆದದ್ದಕ್ಕೆ ತೆಗೆದುಹಾಕಿದರು. ಅಕ್ಕ ನನ್ನನ್ನು ಬಯ್ಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಗೆ ರಿಪೇರಿಯವರು ಬೇಕೆಂದು ಗೊತ್ತಾಯಿತು. ಹಾಸಿಗೆ ಹೊದಿಕೆ, ಡಾಕ್ಟರುಗಳ ಗೌನು, ಎಲ್ಲ ಅಲ್ಲೇ ಹೊಲಿಯುತ್ತಾರೆ.

"ಹನ್ನೊಂದು ಮೆಷಿನ್ ಇದೆಯಂತೆ ಕಣೇ!" ಎಂದು ಅಕ್ಕ ಹೇಳುವಾಗ ಅವಳ ಮುಖ ನೋಡಬೇಕಿತ್ತು. "ಇದೂ ತಪ್ಪಿದ್ರೆ ಮುಗೀತು. ಇನ್ನೊಂದು ಅರ್ಜಿ ಮುಟ್ಟಲ್ಲ."

ಇಲ್ಲಿ ಆ ಪ್ರಶ್ನೆ ಒಂಬತ್ತನೇ ಕಾಲಮ್ಮಿನಲ್ಲಿತ್ತು. ಅಕ್ಕ 'ಹೌದು' ಎಂದು ಬರೆದು ಎರಡು ಹಾಳೆ ಲಗತ್ತಿಸಿದಳು. ಓದಿ ನಾನು ಹಣೆ ಚಚ್ಚಿಕೊಂಡೆ. ಕಳ್ಳತನದ ವಿಷಯ ನಾಲ್ಕೇ ಸಾಲು. ಉಳಿದದ್ದೆಲ್ಲ ಸೂಜಿಗೂ ಅದರ ದಾರ ಹಿಡಿಯುವ ಬಾಬಿನ್ ಕೊಕ್ಕೆಗೂ ಹೊಂದಾಣಿಕೆ ತಪ್ಪಿದ್ದು ಹೇಗೆ ಎಂಬ ವಿವರಣೆ. ಜೊತೆಗೊಂದು ಚಿತ್ರ.

ಸಂದರ್ಶನಕ್ಕೆ ನಾನೂ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತೆ. ಬಾಗಿಲು ತೆರೆದೇ ಇತ್ತು. ಒಳಗಿದ್ದ ಅಧಿಕಾರಿ ಕನ್ನಡಕದ ಮೇಲಿನಿಂದ ಅಕ್ಕನನ್ನು ನೋಡಿದರು.

"ಇದೇನಮ್ಮ, ಕಳ್ಳತನದ ವಿವರ ಕೇಳಿದ್ರೆ ಚಿತ್ರ ಬರ್ದಿದೀರಾ?"

"ಮೆಷಿನ್ ಯಾಕೆ ಕೆಟ್ಟಿತ್ತು ಅಂತ ಗೊತ್ತಾಗ್ದೆ, ನಾನ್ಯಾಕೆ ಒಯ್ದೆ ಅಂತ ಗೊತ್ತಾಗಲ್ಲ ಮೇಡಂ."

"ಸರಿ. ಇಲ್ಲೂ ಒಂದು ಶನಿವಾರ ಸಂಜೆ ಮೆಷಿನ್ ಕೆಟ್ರೆ ಏನ್ ಮಾಡ್ತೀರಿ?"

ಸೋಮವಾರದವರೆಗೆ ಕಾಯ್ತೀನಿ ಅನ್ನು ತಾಯಿ, ಎಂದು ನಾನು ಮನಸ್ಸಿನಲ್ಲೇ ಗೋಗರೆದೆ.

"ಕಾಯ್ತೀನಿ ಅಂದ್ರೆ ಸುಳ್ಳಾಗುತ್ತೆ" ಎಂದಳು ನಮ್ಮ ಮಹಾರಾಣಿ. "ಮನೆಗಂತೂ ಒಯ್ಯಲ್ಲ ಮೇಡಂ. ಆದ್ರೆ ಭಾನುವಾರ ಬೆಳಿಗ್ಗೆ ನಿಮ್ಮ ಮನೆ ಬಾಗ್ಲಿಗೆ ಬಂದು ನಿಲ್ತೀನಿ."

ಮುಗೀತು ಕಥೆ ಎಂದುಕೊಂಡೆ. ಅಷ್ಟರಲ್ಲಿ ಅಧಿಕಾರಿ ಕೆಮ್ಮಿದರು; ನಗು ತಡೆಯಲು ಕೆಮ್ಮಿದ್ದೆಂದು ನನ್ನ ಲೆಕ್ಕ. "ಬರೀ ದಂಡದ ಶಿಕ್ಷೆ, ಐದು ವರ್ಷ ದಾಟಿದೆ. ನಾನು ಸಹಿ ಹಾಕಿದ್ರೆ ತಗೊಳ್ಬಹುದು" ಎಂದು ಸಹಿ ಹಾಕಿಯೇಬಿಟ್ಟರು. ನಾನು ಬೆಂಚಿನಿಂದ ಎದ್ದ ಭರಕ್ಕೆ ನನ್ನ ಕೈಚೀಲ ಕೆಳಗೆ ಬಿದ್ದು ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಯಿತು.

ಕೆಲಸಕ್ಕೆ ಸೇರಿದ ದಿನ ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಳಿತು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಒಂದು ಕೀ.

"ಹೊಲಿಗೆ ಕೋಣೇದು. 'ಭಾನುವಾರ ನನ್ನ ನಿದ್ದೆ ಕೆಡಿಸ್ಬೇಡಿ, ನೀವೇ ಬಂದು ಬಾಗ್ಲು ತೆಗೀರಿ' ಅಂತ ಮೇಡಂ ಕೊಟ್ರು" ಎಂದವಳು ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನನಗೆ ಗಾಬರಿಯಾಯಿತು. ಆರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

"ಯಾಕಕ್ಕ, ಏನಾಯ್ತು?"

"ಕೀ ಕೊಡುವಾಗ ಮೇಡಂ 'ಹುಷಾರು' ಅಂತ ಒಂದ್ ಮಾತೂ ಹೇಳ್ಲಿಲ್ಲ ಕಣೇ" ಎಂದಳು.