ಹಾಜಿರಾ ಬೀಯ ಕಾಚಿನ ಬಣ್ಣ

ಮದ್ದೂರಿನ ಪೇಟೆಯ ಹಿಂದೆ, ಹೊಳೆಗೆ ಇಳಿಯುವ ದಾರಿಯಲ್ಲಿ ಹಾಜಿರಾ ಬೀಯ ಮನೆ. ಅವಳ ಕಸುಬು ಬಟ್ಟೆಗೆ ಬಣ್ಣ ಹಾಕುವುದು. ಮೊದಲೆಲ್ಲ ಅಂಗಳದ ಹಗ್ಗದ ಮೇಲೆ ಹಸಿರು, ಹಳದಿ, ಊದಾ ಸೀರೆಗಳು ಹಾರಾಡುತ್ತಿದ್ದವು. ಯುದ್ಧ ಬಂತು, ಹಡಗಿನಲ್ಲಿ ಬರುತ್ತಿದ್ದ ಬಣ್ಣದ ಪುಡಿ ನಿಂತುಹೋಯಿತು. ಗಂಡ ಆಗಲೇ ತೀರಿಕೊಂಡಿದ್ದ, ಮಗಳು ಸುರಯ್ಯಾ ಬೆಳೆಯುತ್ತಿದ್ದಳು. ಹಂಡೆ ಬೋರಲು ಹಾಕಿ ಕೂರುವಂತಿರಲಿಲ್ಲ. ಎಲೆಯಡಿಕೆಗೆ ಹಾಕುವ ಕಾಚನ್ನೇ ತಂದು ಕುದಿಸತೊಡಗಿದಳು. ಕಂಟ್ರೋಲಿನ ಅಂಗಡಿಯಲ್ಲಿ ಅಳೆದು ಕೊಡುವ ಒರಟು ಬಟ್ಟೆಯಾಗಲಿ, ಮಾಸಿದ ಸೀರೆಯಾಗಲಿ, ಅವಳ ಹಂಡೆಗೆ ಇಳಿದದ್ದು ಒಣಮಣ್ಣಿನ ಬಣ್ಣ ಬಳಿದುಕೊಂಡೇ ಮೇಲೆ ಬರುತ್ತಿತ್ತು. ಕೊಳೆ ಕಾಣುವುದಿಲ್ಲವೆಂದು ಜನ ಅದನ್ನೇ ಒಪ್ಪಿಕೊಂಡರು.

ಪಕ್ಕದ ಮನೆಯ ಮೊಸರಿನ ಚಿಕ್ಕಮಾದಮ್ಮ ಮಾತ್ರ ಬಿಡುತ್ತಿರಲಿಲ್ಲ. "ಏನ್ ಬೂವಮ್ಮ, ಊರ್ಗೆಲ್ಲಾ ಒಂದೇ ಬಣ್ಣ ಮೆತ್ಬುಟ್ಟಿದ್ದೀಯಲ್ಲ! ಸಂತೇಲಿ ನನ್ ಗಂಡ ಅಂದ್ಕಂಡು ಪುಟ್ಟಸ್ವಾಮಿ ಹಿಂದೆ ಓಯ್ತಿದ್ದೆ ಕಣಮ್ಮ. ಅವ್ನೇ ತಿರುಗಿ, 'ಎಲ್ಲಿಗಕ್ಕಾ?' ಅಂದ."

"ಪುಟ್ಟಸ್ವಾಮಿ ಒಳ್ಳೇವ್ನೇ, ಹೋಗ್ಬೋದಿತ್ತು" ಎಂದು ಹಾಜಿರಾ ಬೀ ಹಂಡೆಯಲ್ಲಿ ಕೋಲಾಡಿಸುತ್ತ ಹೇಳುತ್ತಿದ್ದಳು. ನಗು ಬರುತ್ತಿರಲಿಲ್ಲ. ಬೆಳಗಾದರೆ ಅದೇ ಕಂದು ನೀರು, ಅದೇ ಕಂದು ಉಗುರು. ಕೋಲು ಹಂಡೆಗೆ ತಾಗುವ ಸದ್ದು ಕೂಡ ಏರಿಳಿತವಿಲ್ಲದೆ ದಿನವಿಡೀ ಒಂದೇ ಸಮನೆ. ಆ ಬಣ್ಣವನ್ನು ನೋಡುವುದನ್ನೇ ಅವಳ ಕಣ್ಣು ಬಿಟ್ಟುಬಿಟ್ಟಿತ್ತು.

ಸುರಯ್ಯಾಗೆ ಮಳವಳ್ಳಿಯ ಗಂಡು ಗೊತ್ತಾಯಿತು. ಹುಡುಗಿ ಒಡವೆ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. "ಅಮ್ಮೀ, ನಿಕಾಹ್ ದಿನ ನನಗೊಂದು ಕೆಂಪು ದುಪಟ್ಟಾ ಬೇಕು. ಈ ಮನೆ ಬಣ್ಣ ಹೊದ್ಕೊಂಡು ಮಾತ್ರ ನಾನು ಹೋಗಲ್ಲ" ಎಂದಳು. ಅಂದಿನಿಂದ ಹಾಜಿರಾ ಬೀಗೆ ಅದೇ ಚಿಂತೆ. ಮಣ್ಣು ಬಣ್ಣದ ಮದುವಣಗಿತ್ತಿಯನ್ನು ಕಂಡರೆ ಮಳವಳ್ಳಿಯ ಹೆಂಗಸರು ಏನಂದಾರು? ಬಣ್ಣದವಳ ಮಗಳಿಗೇ ಬಣ್ಣವಿಲ್ಲವೇ ಅಂದಾರು. ಒಮ್ಮೆ ಅಂದರೆ ಮುಗಿಯಿತೇ, ಜನ್ಮವೆಲ್ಲ ಅಂದಾರು.

ಬಸ್ಸಿನ ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಗಫಾರ್ ಎಲ್ಲೆಲ್ಲೋ ಅಲೆದು ಬೆಂಗಳೂರಿನಿಂದ ಒಂದು ಪೊಟ್ಟಣ ಕೆಂಪು ಪುಡಿ ತಂದುಕೊಟ್ಟ. "ಅಕ್ಕಾ, ಇನ್ನೊಂದು ಸಿಗಲ್ಲ. ನೋಡ್ಕೊಂಡು ಹಾಕು."

"ನನಗೆ ಹೇಳ್ಕೊಡ್ತೀಯೇನೋ?"

ಮದುವೆಗೆ ಎರಡು ದಿನವಿದೆ ಎನ್ನುವಾಗ ಹಂಡೆ ತಿಕ್ಕಿ ತೊಳೆದು, ನೀರು ಕಾಯಿಸಿ, ಉಪ್ಪು ಹಾಕಿ, ಅರ್ಧ ಪುಡಿ ಉದುರಿಸಿದಳು. ದುಪಟ್ಟಾಕ್ಕೆಂದು ತಂದಿದ್ದ ತೆಳ್ಳಗಿನ ಮಲ್ಲು ಬಟ್ಟೆಯನ್ನು ಅದ್ದಿ ಎತ್ತಿದಳು. ಕೆಂಡವನ್ನೇ ಎತ್ತಿ ಹಿಡಿದಂತಾಗಿ, ಕಂದಿಗೇ ಒಗ್ಗಿಹೋಗಿದ್ದ ಕಣ್ಣು ಕುಕ್ಕಿತು. ಇಷ್ಟು ಉರಿಯುವುದುಂಟೇ? ಹೆಚ್ಚಾಯಿತು, ಮಗಳ ಬಟ್ಟೆ ಕೆಟ್ಟಿತು ಎಂಬ ದಿಗಿಲಿನಲ್ಲಿ, ಒಲೆಯ ಪಕ್ಕದ ಮಡಕೆಗೆ ಕೈ ತಾನಾಗಿ ಹೋಯಿತು. ಬಣ್ಣ ಇಳಿಸಲೆಂದು ಒಂದು ಸೌಟು ಕಾಚಿನ ನೀರು ಸುರಿದಳು. ಸಾಲದೆನಿಸಿ ಇನ್ನೊಂದು. ಆಮೇಲೆ ಬಟ್ಟೆ ಕಣ್ಣಿಗೆ ಹಿತವಾಯಿತು. ಹಿಂಡಿ, ಗಿರಾಕಿಗಳ ಪಂಚೆ ಶರಟುಗಳ ನಡುವೆ ಹಗ್ಗದ ಮೇಲೆ ಹರವಿದಳು.

ಮಧ್ಯಾಹ್ನ ಸುರಯ್ಯಾ ಬಂದು ಹಗ್ಗದ ಮುಂದೆ ನಿಂತಳು. "ಅಮ್ಮೀ, ನನ್ನ ದುಪಟ್ಟಾ ಎಲ್ಲಿ?"

"ಕಣ್ಣೆದುರಿಗೇ ಇದೆಯಲ್ಲೇ" ಎನ್ನುತ್ತ ಹಾಜಿರಾ ಬೀ ಎದ್ದು ಹೋದಳು. ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಳಿಗೂ ಸಿಗಲಿಲ್ಲ. ಕೊನೆಗೆ ಒಂದೊಂದೇ ಬಟ್ಟೆಯನ್ನು ಬೆರಳಲ್ಲಿ ಮುಟ್ಟುತ್ತ ಹೋಗಿ, ನುಣುಪಾಗಿ ಸಿಕ್ಕಿದ್ದನ್ನು ಹಿಡಿದುಕೊಂಡಳು. "ಇದು. ಕೆಂಪಿಲ್ಲವಾ?"

ಮಗಳು ಅದರ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದಳು. ಗೋಡೆಯಾಚೆಯಿಂದ ಚಿಕ್ಕಮಾದಮ್ಮನೇ ಅಂದಳು: "ಕೆಂಪೆಲ್ಲಿ ಬಂತು ಬೂವಮ್ಮ? ನನ್ ಗಂಡನ್ ಪಂಚೆ ಇದ್ದಂಗದೆ."

ಹಾಜಿರಾ ಬೀ ಕಟ್ಟೆಯ ಮೇಲೆ ಕುಸಿದಳು. "ಉರೀತಿತ್ತು ಕಣೇ. ಹೆಚ್ಚಾಯ್ತು ಅನ್ನಿಸ್ತು. ಕಾಚು ಹಾಕ್ಬಿಟ್ಟೆ."

ಸುರಯ್ಯಾ ಅಳುತ್ತಾಳೆಂದು ತಾಯಿ ಅಂದುಕೊಂಡಳು. ಹುಡುಗಿ ಅಳಲಿಲ್ಲ, ತಾಯಿಯ ಕೈಯಿಂದ ಬಟ್ಟೆ ಬಿಡಿಸಿಕೊಂಡು, ಹಂಡೆಯ ನೀರು ಚೆಲ್ಲಿ, ಹೊಸ ನೀರು ಕಾಯಲಿಟ್ಟಳು. ಕಾಚಿನ ಮಡಕೆಯನ್ನು ಎತ್ತಿ ಗೋಡೆಯಾಚೆ ಚಿಕ್ಕಮಾದಮ್ಮನ ಕೈಗೆ ಕೊಟ್ಟಳು. ಉಳಿದ ಅರ್ಧ ಪುಡಿ ಬಿಚ್ಚಿದಳು. ಹಾಜಿರಾ ಬೀ ಏಳಹೋದಾಗ, "ನೀನು ಆ ಕಡೆ ತಿರುಗಿ ಕೂತ್ಕೋ ಅಮ್ಮೀ, ನೋಡ್ಬೇಡ" ಎಂದಳು.

"ಹಂಡೆ ನನ್ನದು."

"ದುಪಟ್ಟಾ ನನ್ನದು."

ಹಾಜಿರಾ ಬೀ ಬೀದಿಯ ಕಡೆ ಮುಖ ಮಾಡಿ ಕೂತಳು. ಬೆನ್ನ ಹಿಂದೆ ಬಟ್ಟೆ ನೀರಿಗಿಳಿದು ಏಳುವ ಸದ್ದು. ತಡೆಯಲಾರದೆ ಕೇಳಿದಳು: "ಸಾಕಾಯ್ತೇನೆ?"

"ಇನ್ನೂ ಇಲ್ಲ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. "ಇನ್ನೂ ಇಲ್ಲ ಅಂದ್ನಲ್ಲ" ಎಂದಳು ಮಗಳು.

ಗೋಡೆಯ ಮೇಲಿಂದ ಚಿಕ್ಕಮಾದಮ್ಮ ಬಗ್ಗಿ ನೋಡಿ, "ಅಯ್ಯೋ, ಬಟ್ಟೆ ಕಾಚು ಕುಡ್ಕಂಡಿದ್ರೂ ಪರ್ವಾಗಿಲ್ಲ ಕಣವ್ವ, ದಾಳಿಂಬ್ರೆ ಕೆಂಪು ಬಂತು" ಎಂದಳು.

ಹಾಜಿರಾ ಬೀ ತಿರುಗಲಿಲ್ಲ. ತಿರುಗಿದರೆ ಅದು ಮತ್ತೆ ಹೆಚ್ಚೆನಿಸೀತು, ಕೈ ಮತ್ತೆ ಮಡಕೆ ಹುಡುಕೀತು. ಸೊಂಟದಲ್ಲಿ ಸಿಕ್ಕಿಸಿದ್ದ ಒದ್ದೆ ಸೆರಗನ್ನು ಬಿಚ್ಚಿ ಕೈ ಒರೆಸಿಕೊಂಡು, "ಚೆನ್ನಾಗಿ ಉಪ್ಪು ಹಾಕಿದ್ದೀಯಾ?" ಎಂದು ಮಾತ್ರ ಕೇಳಿದಳು.