ತಂಪಣ್ಣನ ಒಂದು ಲೋಟ ನೀರು

ಏಸಿ ರಿಪೇರಿಯ ತಂಪಣ್ಣ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಒಂದು ಲೋಟ ನೀರು. ಅದು ಅವನಿಗಲ್ಲ, ಖರ್ಚು ಕೇಳಿದ ಮೇಲೆ ಮನೆಯವರಿಗೆ ಬೇಕಾದೀತೆಂದು. ಯಂತ್ರಕ್ಕೆ ಕಿವಿಗೊಟ್ಟು, "ಫಿಲ್ಟರ್ ಕಟ್ಕೊಂಡಿದೆ ಅಷ್ಟೇ, ನಲ್ಲಿ ಕೆಳಗೆ ನೀವೇ ತೊಳೀಬಹುದಿತ್ತು" ಎಂದರೆ ನೀರು ಹಾಗೇ ಉಳಿಯುತ್ತದೆ. "ಗ್ಯಾಸ್ ಸೋರಿದೆ, ತೂತು ಮುಚ್ಚದೆ ತುಂಬ್ಸಿದ್ರೆ ತೂತು ಬಿಂದಿಗೇಲಿ ನೀರು ಹೊತ್ತ ಹಾಗೆ" ಎಂದರೆ ಅರ್ಧ ಲೋಟ ಖಾಲಿ. ಕಂಪ್ರೆಸರ್ ಹೋಗಿದ್ದರೆ ಮಾತ್ರ, "ಸ್ವಲ್ಪ ಕೂತ್ಕೊಳ್ಳಿ ಸಾರ್" ಎಂದು ಕುರ್ಚಿಯನ್ನೂ ಎಳೆಯುತ್ತಾನೆ. ಈ ಪದ್ಧತಿ ಬೀದಿಗೆಲ್ಲ ಎಷ್ಟು ಗೊತ್ತೆಂದರೆ, ಒಮ್ಮೆ ಅವನು ಹತ್ತಿ ನಿಲ್ಲಲೆಂದು ಕುರ್ಚಿ ಎಳೆದದ್ದಕ್ಕೇ ವಕೀಲರೊಬ್ಬರು ಎದೆ ಹಿಡಿದುಕೊಂಡು ಕುಸಿದಿದ್ದರು. ಕೆಟ್ಟಿದ್ದದ್ದು ರಿಮೋಟಿನ ಸೆಲ್ಲು. ಮೊನ್ನೆ ಅವಳಿ ಕೂಸುಗಳ ತಾಯಿಯೊಬ್ಬಳ ಮನೆಯಲ್ಲಿ ಕಂಪ್ರೆಸರ್ ನಿಜಕ್ಕೂ ಸತ್ತಿತ್ತು. ಎರಡೂ ಕೈಯಲ್ಲಿ ಒಂದೊಂದು ರಟ್ಟು ಹಿಡಿದು ತೊಟ್ಟಿಲಿಗೆ ಗಾಳಿ ಬೀಸುತ್ತಲೇ ಅವಳು, "ಎಷ್ಟಾಗುತ್ತಣ್ಣ?" ಎಂದಳು. ತಂಪಣ್ಣ ಕುರ್ಚಿಯತ್ತ ನೋಡಿದ, ಕೂಸುಗಳತ್ತ ನೋಡಿದ. ಲೋಟವೆತ್ತಿ ಗಟಗಟನೆ ನೀರನ್ನೆಲ್ಲ ತಾನೇ ಕುಡಿದು, "ಫಿಲ್ಟರ್ ಅಷ್ಟೇ ತಂಗಿ, ತೊಳ್ಕೊಂಡು ಬರ್ತೀನಿ" ಎಂದವನೇ, ತನ್ನ ಮನೆಯ ಏಸಿಯ ಕಂಪ್ರೆಸರ್ ಬಿಚ್ಚಲು ಹೊರಟ.