ಮೂರು ತಿಂಗಳ ಕೋರ್ಸು

ಪಿಯುಸಿ ಮುಗಿದ ವರ್ಷ ಲೆಕ್ಕ ಬರೆಯುವ ಕೆಲಸ ಕಲಿಯಲು ನನಗೆ ಎರಡು ದಾರಿಗಳಿದ್ದವು. ನಮ್ಮೂರು ಚಿತ್ತಾಪುರದಿಂದ ಒಂದು ಸೇಡಂ ಕಡೆ, ಇನ್ನೊಂದು ಶಹಾಬಾದ್ ಕಡೆ. ಸೇಡಂನ ಟೈಪಿಂಗ್ ಶಾಲೆಯಲ್ಲಿ ಸರ್ಕಾರಿ ಅಕೌಂಟೆನ್ಸಿ ಪರೀಕ್ಷೆಗೆ ಓದಿಸುತ್ತಿದ್ದರು. ಜೂನಿಯರ್, ಸೀನಿಯರ್ ಎರಡೂ ಮುಗಿಸಲು ಎರಡು ವರ್ಷ ಬೇಕು. ಶಹಾಬಾದಿನಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಮೂರೇ ತಿಂಗಳಲ್ಲಿ ಕಲಿಸುತ್ತಿದ್ದರು. ಆ ಸರ್ಟಿಫಿಕೇಟಿಗೆ ಸರ್ಕಾರದ ಮೊಹರು ಮಾತ್ರ ಇರಲಿಲ್ಲ.

ಅಪ್ಪನಿಗೆ ಮೊಹರೇ ಬೇಕಿತ್ತು. ಅವನು ವಾಡಿಯ ಒಂದು ಫರಸಿ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಕಲ್ಲು ಕೊಯ್ಯುವ ಮಷಿನ್ನಿನ ಮೇಲಿದ್ದ. "ಅರ್ಧಂಬರ್ಧ ಕಲ್ತು ಏನ್ ಮಾಡ್ತಿ? ಎರಡ್ ವರ್ಷ ನಾ ಹ್ಯಾಂಗರೆ ದುಡಿತೀನಿ. ನೀ ಖಾಯಂ ನೌಕರಿ ಹಿಡೀಬೇಕು" ಎಂದ. ನಾನು ಹೂಂ ಅಂದೆ.

ಅದೇ ವಾರ ವಾಡಿಯ ಸೋದರತ್ತೆಯ ಮನೆಗೆ ಹೋದವಳು ಸಂಜೆಯ ಪ್ಯಾಸೆಂಜರಿನಲ್ಲಿ ಮರಳುತ್ತಿದ್ದೆ. ಫರಸಿ ಕೆಲಸದವರು ಸೀಟು ಖಾಲಿ ಇದ್ದರೂ ಕೂಡುತ್ತಿರಲಿಲ್ಲ. ಮೈಮೇಲಿನ ಧೂಳು ಬೇರೆಯವರ ಬಟ್ಟೆಗೆ ಹತ್ತಬಾರದೆಂದು ಬಾಗಿಲ ಬಳಿ ನೆಲಕ್ಕೆ ಕೂಡುತ್ತಿದ್ದರು. ಅವರ ನಡುವೆ ಅಪ್ಪ ಇದ್ದ. ನನ್ನನ್ನು ನೋಡಲಿಲ್ಲ. ಮನೆಯಲ್ಲಿ ಒಂದೆರಡು ಸಲ ಕೆಮ್ಮಿ ನೀರು ಕುಡಿಯುವ ಅಪ್ಪನಿಗೆ ಇಲ್ಲಿ ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಹೊರಗೆ ಬೀಳದಂತೆ ಇಬ್ಬರು ಅವನ ಭುಜ ಹಿಡಿದಿದ್ದರು. ಹಿಡಿದುಕೊಂಡೇ ತಮ್ಮ ಮಾತು ಮುಂದುವರಿಸಿದ್ದರು, ದಿನವೂ ಮಾಡುವ ಕೆಲಸ ಎನ್ನುವ ಹಾಗೆ. ಚಿತ್ತಾಪುರ ಬಂದಾಗ ನಾನು ಇನ್ನೊಂದು ಬಾಗಿಲಿನಿಂದ ಇಳಿದು ಮನೆಗೆ ಬಂದೆ.

ಮರುದಿನ, ಶಹಾಬಾದಿಗೆ ಹೋಗುತ್ತೇನೆ ಎಂದೆ. "ಒಮ್ಮಿಂದೊಮ್ಮೆ ಏನಾತು ನಿನಗ?" ಎಂದು ಅವ್ವ ಕೇಳಿದಳು. "ಎರಡ್ ವರ್ಷ ನನಗ ಆಗಂಗಿಲ್ಲ" ಎಂದಷ್ಟೇ ಅಂದೆ. ಕೋರ್ಸು ಮುಗಿಯುವವರೆಗೂ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಹಟದಲ್ಲಿ ನಾನೂ ಅವನ ಮಗಳೇ.

ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಆಗ ಅವ್ವನಿಗೆ ಮಾತ್ರ ಗಾಡಿಯಲ್ಲಿ ಕಂಡದ್ದನ್ನು ಹೇಳಿದೆ. ನಾನು ಕೆಲಸಕ್ಕೆ ಹೊರಟ ಬೆಳಗ್ಗೆ ಅವಳು ಒಂದೇ ಬುತ್ತಿ ಕಟ್ಟಿದಳು, ನನ್ನದು.

"ನಂದೆಲ್ಲಿ?" ಎಂದ ಅಪ್ಪ.

"ನೀ ಇನ್ನ ಹೋಗಬ್ಯಾಡಪ್ಪ. ನಾ ಹೊಂಟೀನಲ್ಲ" ಎಂದೆ.

ಅಪ್ಪ ಬಾಗಿಲು ದಾಟಿ, ಅಂಗಳದಲ್ಲೇ ಕೂತ.

ಮುಂದೆ ಮನೆಗೆ ಬಂದವರ ಎದುರೆಲ್ಲ ನನ್ನನ್ನು ದೂರುತ್ತಿದ್ದ. "ಎರಡ್ ವರ್ಷ ಓದು ಅಂದ್ರ ಕೇಳಲಿಲ್ಲರಿ. ಭಾಳ ಅವಸರ ಹುಡುಗಿಗಿ" ಎನ್ನುತ್ತಿದ್ದ. ಅವನ ಮಾತು ಸುಳ್ಳಾಗಲಿಲ್ಲ. ಅದೇ ವರ್ಷ ಸೇಡಂ ಶಾಲೆ ಸೇರಿ ಸೀನಿಯರ್ ಪಾಸಾದ ಗೆಳತಿಗೆ ಸರ್ಕಾರಿ ನೌಕರಿಯಾಯಿತು. ನಾನು ಅಂಗಡಿಯಿಂದ ಅಂಗಡಿಗೆ ಅಲೆದೆ. ಎರಡು ವರ್ಷ ಕಳೆದು ಅವಳ ಸೀನಿಯರ್ ಫಲಿತಾಂಶ ಬರುವ ಹೊತ್ತಿಗೆ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅದಕ್ಕೂ ಮೊದಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವನು ಕಾರ್ಖಾನೆಗೆ ಹೋಗದೆ ನಮ್ಮ ಅಂಗಳದಲ್ಲಿ ಕೂತು ನನ್ನನ್ನು ಬೈದ.